ಮಣ್ಣಿನ ಬ್ಲಾಕೋ, ಎಎಸಿ ಬ್ಲಾಕೋ? ನಮ್ಮ ಆಫೀಸಿನ ಗೋಡೆ ಕಲಿಸಿದ್ದು

ತುಮಕೂರಿನ ಹೊರಗೆ ನಮ್ಮ ಆಫೀಸು ಕಟ್ಟಿಸುವಾಗ ನೆಲಮಹಡಿಗೆ ಮಣ್ಣಿನ ಬ್ಲಾಕ್, ಮೇಲಿನ ಮಹಡಿಗೆ ಎಎಸಿ ಬ್ಲಾಕ್ (ಆಟೊಕ್ಲೇವ್ಡ್ ಏರೇಟೆಡ್ ಕಾಂಕ್ರೀಟ್, ಅಂದರೆ ಒಳಗೆಲ್ಲ ಗಾಳಿಗುಳ್ಳೆ ಇರುವ ಹಗುರ ಕಾಂಕ್ರೀಟ್) ಹಾಕಿಸಿದೆವು. ಎರಡನ್ನೂ ಪರಿಸರಸ್ನೇಹಿ ಅಂತಲೇ ಮಾರುತ್ತಾರೆ. ಆದರೆ ಸೈಟಿನಲ್ಲಿ ಎಷ್ಟು ಕಸ ಉಳಿಯುತ್ತದೆ ಎಂದು ನೋಡಿದರೆ ಎರಡರ ದಾರಿಯೇ ಬೇರೆ.

ಮಣ್ಣಿನ ಬ್ಲಾಕಿಗೆ ಮಣ್ಣು ಸಿಕ್ಕಿದ್ದು ನಮ್ಮದೇ ಪಾಯದ ಗುಂಡಿಯಲ್ಲಿ. ಇಲ್ಲದಿದ್ದರೆ ಅದನ್ನು ಲಾರಿಗೆ ತುಂಬಿ ಎಲ್ಲೋ ಸುರಿಸಬೇಕಿತ್ತು, ಇನ್ನೊಂದು ಲಾರಿಯಲ್ಲಿ ಇಟ್ಟಿಗೆ ತರಿಸಬೇಕಿತ್ತು. ಮೇಲಿನ ಒಂದಡಿ ಮಣ್ಣಿನಲ್ಲಿ ಬೇರು, ಎಲೆ ಇರುತ್ತವೆ. ಅದು ಗಿಡಗಳಿಗೆ ಹೋಯಿತು. ಕೆಳಗಿನ ಕೆಂಪು ಮಣ್ಣನ್ನು ಗಾಜಿನ ಬಾಟಲಿಗೆ ಹಾಕಿ, ನೀರು ತುಂಬಿ, ಚೆನ್ನಾಗಿ ಕುಲುಕಿ ಇಟ್ಟೆವು. ಮರಳು ತಳಕ್ಕಿಳಿದು ಜೇಡಿ ಮೇಲೆ ಕೂರುತ್ತದೆ. ನಮ್ಮ ಮಣ್ಣಲ್ಲಿ ಜೇಡಿ ಜಾಸ್ತಿ. ಹಾಗಾಗಿ ಕಲ್ಲುಪುಡಿ ಬೆರೆಸಿ, ಶೇ. 7ರಷ್ಟು ಸಿಮೆಂಟ್ ಸೇರಿಸಿ ಕೈಯಂತ್ರದಲ್ಲಿ ಒತ್ತಿಸಿದೆವು. ಸುಡುವ ಕೆಲಸವೇ ಇಲ್ಲ, ಸೌದೆಯೂ ಬೇಡ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ (ಐಐಎಸ್‌ಸಿ) ಹಳ್ಳಿಗಳಿಗೆ ಒಗ್ಗುವ ತಂತ್ರಜ್ಞಾನಕ್ಕಾಗಿ 1974ರಲ್ಲಿ ಶುರುವಾದ 'ಅಸ್ತ್ರ' ತಂಡದವರು ವರ್ಷಗಟ್ಟಲೆ ಪಳಗಿಸಿದ ವಿಧಾನ ಇದು. ಅಚ್ಚಿನಿಂದ ತೆಗೆಯುವಾಗ ಮುರಿದ ಬ್ಲಾಕನ್ನು ಆಗಲೇ ಪುಡಿ ಮಾಡಿ ಮತ್ತೆ ಒತ್ತಬಹುದು. ಹೊರಗೋಡೆಗೆ ಪ್ಲಾಸ್ಟರನ್ನೇ ಮಾಡಿಸಲಿಲ್ಲ, ಸಂದುಗಳಿಗಷ್ಟೇ ಗಾರೆ ತುಂಬುವ ಪಾಯಿಂಟಿಂಗ್ ಸಾಕಾಯಿತು. ಅವಸರ ಇದ್ದವರಿಗೆ ಮಾತ್ರ ಇದು ಆಗಿಬರುವುದಿಲ್ಲ. ಒತ್ತಿದ ಬ್ಲಾಕುಗಳಿಗೆ ಮೂರು ವಾರ ಬಿಡದೆ ನೀರು ಚಿಮುಕಿಸಲೇಬೇಕು.

ಎಎಸಿ ಬ್ಲಾಕಿನಲ್ಲಿ ಹಾರುಬೂದಿ (ಕಲ್ಲಿದ್ದಲು ಸುಟ್ಟಾಗ ಸಿಗುವ ನುಣುಪು ಬೂದಿ), ಸಿಮೆಂಟ್, ಸುಣ್ಣ, ಚೂರೇ ಚೂರು ಅಲ್ಯೂಮಿನಿಯಂ ಪುಡಿ ಇರುತ್ತದೆ. ಫ್ಯಾಕ್ಟರಿಯಲ್ಲಿ ಒತ್ತಡದ ಹಬೆಯಲ್ಲಿ ಬೇಯಿಸುತ್ತಾರೆ. ತೂಕ ಅದೇ ಗಾತ್ರದ ಸುಟ್ಟ ಇಟ್ಟಿಗೆಯ ಸುಮಾರು ಮೂರನೇ ಒಂದು ಭಾಗದಷ್ಟೇ. ಮಹಡಿಗೆ ಹೊರೆ ಕಮ್ಮಿ, ಗೋಡೆ ಬೇಗ ಏಳುತ್ತದೆ. ಆದರೆ ಅಂಚು ಬಲು ಮೆದು. ಲಾರಿಯಿಂದ ಇಳಿಸುವಾಗಲೇ ಚೂರು ಬೀಳಲು ಶುರು. ನಮ್ಮ ಮೇಸ್ತ್ರಿ ತುಂಡುಗಳನ್ನು ಬಿಸಾಡದೆ ಅಳತೆ ಪ್ರಕಾರ ಜೋಡಿಸಿಟ್ಟು ಕಿಟಕಿ ಪಕ್ಕ, ಬಾಗಿಲ ಮೇಲೆ ಬಳಸಿದರು. ಅಂಥ ಮೇಸ್ತ್ರಿ ಸಿಕ್ಕರೆ ಅರ್ಧ ಕಸ ಅಲ್ಲೇ ಉಳಿತಾಯ! ಪ್ಲಾಸ್ಟರ್ ಮಾತ್ರ ಎರಡೂ ಕಡೆ ಬೇಕು.

ಮಣ್ಣು ಚೆನ್ನಾಗಿದ್ದು, ಬ್ಲಾಕ್ ಜೋಡಿಸಿಟ್ಟು ನೀರುಣಿಸಲು ಜಾಗವೂ ಇದ್ದರೆ ನೆಲಮಹಡಿಗೆ ನನ್ನ ಆಯ್ಕೆ ಮಣ್ಣಿನ ಬ್ಲಾಕೇ. ಎರೆಮಣ್ಣಿನ ಸೀಮೆಯವರು ಸುಮ್ನೆ ಕೈ ಹಾಕಬೇಡಿ, ಆ ಮಣ್ಣು ಹಿಗ್ಗಿ ಕುಗ್ಗಿ ಬಿರುಕು ಬಿಡುತ್ತದೆ. ಮಹಡಿಗೆ, ಒಳಗಿನ ಅಡ್ಡಗೋಡೆಗೆ ಎಎಸಿ ಸರಿ. ಯಾವುದನ್ನೇ ಆರಿಸಿ, ವೈರಿಂಗ್ ಪೈಪು ಎಲ್ಲೆಲ್ಲಿ ಹೋಗುತ್ತದೆ ಎಂದು ಗೋಡೆ ಏಳುವ ಮೊದಲೇ ಗುರುತು ಹಾಕಿಸಿ. ಕಟ್ಟಿದ ಮೇಲೆ ಕೊರೆದರೆ ಬರುವ ಪುಡಿ ಬಹುಪಾಲು ಕಸವಾಗಿಯೇ ಹೋಗುತ್ತದೆ.