ಟೈಪಿಂಗ್ ಅಂಗಡಿಯ ಮೇಜಿನ ಮೇಲೆ ವಿಂಡೋಸ್ 11

ತುಮಕೂರಿನ ಕೋರ್ಟು, ತಾಲ್ಲೂಕು ಕಚೇರಿಗಳ ಆಸುಪಾಸಿನ ಡಿಟಿಪಿ ಅಂಗಡಿಗಳಲ್ಲಿ ಕಂಪ್ಯೂಟರಿಗೆ ಇರುವ ಕೆಲಸ ಇಷ್ಟು: ಕ್ರಯಪತ್ರ, ಅರ್ಜಿ, ಅಫಿಡವಿಟ್ ಟೈಪ್ ಮಾಡುವುದು, ಪಹಣಿ ತೆಗೆದುಕೊಡುವುದು, ಲಗ್ನಪತ್ರಿಕೆ ಕೂಡಿಸುವುದು. ಈ ಕೆಲಸಕ್ಕೆ ಮೈಕ್ರೋಸಾಫ್ಟಿನ ವಿಂಡೋಸ್ 11 ಎಷ್ಟು ಒದಗುತ್ತದೆ ಎಂಬುದನ್ನಷ್ಟೇ ಇಲ್ಲಿ ನೋಡೋಣ. ವೇಗದ ಬಗ್ಗೆ ತಕರಾರಿಲ್ಲ. ಕಂಪನಿ ಕೇಳುವ ಕನಿಷ್ಠ 4 ಜಿಬಿ ರ‍್ಯಾಮ್ ಸಾಲುವುದಿಲ್ಲ. 8 ಜಿಬಿ ಮತ್ತು ಎಸ್‌ಎಸ್‌ಡಿ ಇದ್ದರೆ ವರ್ಡ್, ಪುಟವಿನ್ಯಾಸದ ಕೋರೆಲ್, ಬ್ರೌಸರ್ ಮೂರೂ ಒಟ್ಟಿಗೆ ತೆರೆದಿದ್ದರೂ ಯಂತ್ರ ಸಲೀಸಾಗಿ ಓಡುತ್ತದೆ. ತೊಂದರೆ ಇರುವುದು ಬೇರೆ ಕಡೆ.

ಮೊದಲನೆಯದು ಕೀಬೋರ್ಡ್. ಇಲ್ಲಿ ಟೈಪ್ ಮಾಡುವವರ ಬೆರಳು ಪಳಗಿರುವುದು ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಕ್ಕೆ, ಅಂದರೆ ಅದರಲ್ಲಿರುವ ಕೆ.ಪಿ. ರಾವ್ ಅವರ ಕೀಲಿ ವಿನ್ಯಾಸಕ್ಕೆ. ಅದರಲ್ಲಿ ‘ಕನ್ನಡ’ ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯು ಎಂಬ ಐದು ಕೀಲಿ ಸಾಕು. ಎಫ್ ಒತ್ತಿದರೆ ಒತ್ತಕ್ಷರಕ್ಕೆ ದಾರಿ, ಡಬ್ಲ್ಯು ಒತ್ತಿದರೆ ಡ. ವಿಂಡೋಸ್ ಜೊತೆ ಬರುವುದು ಭಾರತೀಯ ಭಾಷೆಗಳಿಗೆಲ್ಲ ಒಂದೇ ಬಗೆಯ ವಿನ್ಯಾಸವಾದ ಇನ್‌ಸ್ಕ್ರಿಪ್ಟ್, ಮತ್ತು 2019ರಲ್ಲಿ ವಿಂಡೋಸ್ 10ಕ್ಕೆ ಸೇರಿದ, ಉಚ್ಚಾರಣೆಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿದರೆ ಕನ್ನಡ ಮೂಡುವ ಫೋನೆಟಿಕ್. ಫೋನೆಟಿಕ್‌ನಲ್ಲಿ ಅದೇ ಪದಕ್ಕೆ ಏಳು ಕೀಲಿ, ಸಾಲದ್ದಕ್ಕೆ ಪದಗಳ ಪಟ್ಟಿ ಬೇರೆ ಎದುರಿಗೆ ಬಂದು ನಿಲ್ಲುತ್ತದೆ. ವಾಟ್ಸ್‌ಆ್ಯಪ್‌ಗೆ ಎರಡು ಸಾಲು ಬರೆಯುವವರಿಗೆ ಅದು ಚೆನ್ನಾಗಿಯೇ ಇದೆ. ಊರಿನ ಹೆಸರು, ಮನೆತನದ ಹೆಸರು ತುಂಬಿದ ದಸ್ತಾವೇಜಿಗೆ ಮಾತ್ರ ಅದನ್ನು ನಂಬಬಾರದು. ಪಟ್ಟಿಯ ಮೊದಲ ಪದವೇ ಸರಿ ಎಂದುಕೊಂಡು ಸ್ಪೇಸ್ ಒತ್ತುತ್ತಾ ಹೋದರೆ ಗೂಳೂರು, ಹೆಬ್ಬೂರುಗಳ ಕಾಗುಣಿತ ಎಲ್ಲಿ ಕೆಟ್ಟಿತೆಂದು ಆಮೇಲೆ ಹುಡುಕಬೇಕಾಗುತ್ತದೆ. ಪುಕ್ಕಟೆ ಸಿಗುವ ಲಿನಕ್ಸ್‌ನಲ್ಲಿ ಕೆ.ಪಿ. ರಾವ್ ಅವರ ಇದೇ ವಿನ್ಯಾಸ ‘ಕಗಪ’ ಎಂಬ ಹೆಸರಿನಲ್ಲಿ ಕೀಬೋರ್ಡ್ ಪಟ್ಟಿಯಲ್ಲೇ ಇದೆ. ದುಡ್ಡು ಕೊಟ್ಟು ಕೊಳ್ಳುವ ವಿಂಡೋಸ್‌ನಲ್ಲಿ ಇಷ್ಟು ವರ್ಷವಾದರೂ ಇಲ್ಲ. ಇದನ್ನು ಸಣ್ಣ ಕೊರತೆ ಎಂದು ಬಿಡಲಾಗದು.

ಹಾಗಾಗಿ ನುಡಿ ಹಾಕಿಕೊಳ್ಳಲೇಬೇಕು. ಹಳೆಯ ನುಡಿಯಲ್ಲಿ ಕನ್ನಡ–ಇಂಗ್ಲಿಷ್ ಬದಲಿಸುವುದು ಸ್ಕ್ರಾಲ್ ಲಾಕ್ ಕೀಲಿ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಅದು ಅನೇಕ ಕಡೆ ಇರುವುದೇ ಇಲ್ಲ. ವಿಂಡೋಸ್, ಕಂಟ್ರೋಲ್, ಓ ಮೂರನ್ನೂ ಒಟ್ಟಿಗೆ ಒತ್ತಿದರೆ ಪರದೆಯ ಮೇಲೆ ಬರುವ ಕೀಬೋರ್ಡಿನಲ್ಲಿ ಅದು ಸಿಗುತ್ತದೆ. ಇಡೀ ದಿನದ ಕೆಲಸಕ್ಕೆ ಮುನ್ನೂರೋ ನಾನೂರೋ ಕೊಟ್ಟು ಹೊರಗಿನ ಕೀಬೋರ್ಡ್ ತರುವುದೇ ಮೇಲು.

ಇನ್ನು ಅಕ್ಷರ. ವಿಂಡೋಸ್ ಎಕ್ಸ್‌ಪಿ ಕಾಲದಿಂದ ಯೂನಿಕೋಡ್ (ಎಲ್ಲ ಯಂತ್ರಕ್ಕೂ ಒಂದೇ ಆದ ಅಕ್ಷರಸಂಕೇತ) ಕನ್ನಡಕ್ಕೆ ತುಂಗಾ ಫಾಂಟ್ ಇತ್ತು. ವಿಂಡೋಸ್ 8ರಲ್ಲಿ ಆ ಜಾಗಕ್ಕೆ ನಿರ್ಮಲಾ ಬಂತು, ವಿಂಡೋಸ್ 10ರಿಂದ ತುಂಗಾ ಬೇಕಾದವರು ಹಾಕಿಕೊಳ್ಳುವ ಸಾಮಾನಾಯಿತು. ತುಂಗಾದಲ್ಲಿ ಕೂಡಿಸಿದ ಹಳೆಯ ಕ್ರಯಪತ್ರವನ್ನು ಅದಿಲ್ಲದ ಯಂತ್ರದಲ್ಲಿ ತೆರೆದರೆ ವರ್ಡ್ ಬೇರೆ ಫಾಂಟ್ ತೊಡಿಸಿಬಿಡುತ್ತದೆ. ಅಕ್ಷರದ ಅಗಲ ಬೇರೆ, ಸಾಲಿನ ಎತ್ತರ ಬೇರೆ. ಚೆಕ್ಕುಬಂದಿಯ ನಾಲ್ಕು ಸಾಲಿನಲ್ಲಿ ಎರಡು ಈ ಪುಟದಲ್ಲಿ, ಎರಡು ಮುಂದಿನ ಪುಟದಲ್ಲಿ. ಸಾಕ್ಷಿಗಳ ಸಹಿಯ ಜಾಗ ಒಂಟಿಯಾಗಿ ಕೊನೆಯ ಹಾಳೆಗೆ. ಛಾಪಾ ಕಾಗದದ ಮೇಲೆ ಮುದ್ರಿಸಿದ ಮೇಲೆ ಇದು ಕಣ್ಣಿಗೆ ಬಿದ್ದರೆ ಆ ಕಾಗದ ಹೋಯಿತು. ಸೆಟ್ಟಿಂಗ್ಸ್‌ನಲ್ಲಿ ಕನ್ನಡ ಭಾಷೆ ಸೇರಿಸುವಾಗ ನೆಟ್ ಇದ್ದರೆ ತುಂಗಾ ತಾನೇ ಇಳಿಯಬಹುದು. ಇಳಿಯದಿದ್ದರೆ ಆಪ್ಷನಲ್ ಫೀಚರ್ಸ್‌ಗೆ ಹೋಗಿ ‘ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್’ ಹುಡುಕಿ ಹಾಕಿ, ವರ್ಡ್ ಮುಚ್ಚಿ ತೆರೆಯಿರಿ.

ನುಡಿಯ ಹಳೆಯ ಆನ್ಸಿ ಫಾಂಟಿನ, ಅಂದರೆ ಇಂಗ್ಲಿಷ್ ಅಕ್ಷರಸಂಕೇತಗಳ ಮೇಲೆಯೇ ಕನ್ನಡದ ಆಕಾರ ತೊಡಿಸುವ ಯೂನಿಕೋಡ್ ಅಲ್ಲದ ಫಾಂಟಿನ ಕಡತ ಮಾತ್ರ ಬೇರೆ ರೋಗ. ‘ಕನ್ನಡ’ ಇರಬೇಕಾದ ಕಡೆ ಇಂಗ್ಲಿಷಿನ ಪಿ, ಪೌಂಡ್ ಗುರುತು, ಕ್ಯೂ ಕಂಡರೆ ಫಾಂಟ್ ಇಲ್ಲವೆಂದೇ ಅರ್ಥ. ಅದಕ್ಕೆ ಮೈಕ್ರೋಸಾಫ್ಟನ್ನು ದೂರಬೇಕಾಗಿಲ್ಲ.

ದೂರಬೇಕಾದದ್ದು ಬೀಗದ ವಿಷಯಕ್ಕೆ. 2024ರ ಆವೃತ್ತಿಯಾದ 24ಎಚ್2ರಿಂದ, ವಿಂಡೋಸನ್ನು ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೋದರೆ ಡಿಸ್ಕ್ ತಾನಾಗಿ ಎನ್‌ಕ್ರಿಪ್ಟ್ ಆಗುತ್ತದೆ, ಅಂದರೆ ಅದರೊಳಗಿನ ಡೇಟಾಕ್ಕೆ ಗುಪ್ತಲಿಪಿಯ ಬೀಗ ಬೀಳುತ್ತದೆ. ಬೀಗ ತೆಗೆಯುವ 48 ಅಂಕಿಯ ರಿಕವರಿ ಕೀ ಆ ಖಾತೆಗೆ ಹೋಗಿ ಕೂರುತ್ತದೆ. ಕಳ್ಳತನವಾದರೆ ಇದು ಒಳ್ಳೆಯದೇ. ಆದರೆ ಸಣ್ಣ ಊರುಗಳಲ್ಲಿ ಯಂತ್ರ ಸಿದ್ಧ ಮಾಡಿಕೊಡುವುದು ಮಾರುವವರು ಅಥವಾ ರಿಪೇರಿಯವರು, ಅವಸರದಲ್ಲಿ ತಮ್ಮದೇ ಇಮೇಲ್ ಹಾಕಿಬಿಡುವುದುಂಟು. ಮುಂದೆ ಮದರ್‌ಬೋರ್ಡ್ ಬದಲಾದಾಗ, ಯಂತ್ರ ಶುರುವಾಗುವಾಗ ಮೊದಲು ಓಡುವ ಬಯೋಸ್ ರೀಸೆಟ್ ಆದಾಗ ನೀಲಿ ಪರದೆ ಆ 48 ಅಂಕಿ ಕೇಳುತ್ತದೆ. ಕೀ ಇರುವುದು ಇನ್ನೊಬ್ಬರ ಖಾತೆಯಲ್ಲಿ. ಅದು ಸಿಗದಿದ್ದರೆ ಡೇಟಾ ಮರಳಿ ಬರುವುದಿಲ್ಲ, ಯಾವ ರಿಪೇರಿಯವರ ಕೈಯಲ್ಲೂ ಆಗುವುದಿಲ್ಲ. ಇಷ್ಟು ದೊಡ್ಡ ವಿಷಯವನ್ನು ಮಾಲೀಕರಿಗೆ ಬಿಡಿಸಿ ಹೇಳಿ, ಒಪ್ಪಿಗೆ ಪಡೆದು ಮಾಡಬೇಕಿತ್ತು. ಯಂತ್ರ ಮನೆಗೆ ಬಂದ ದಿನವೇ ಸೆಟ್ಟಿಂಗ್ಸ್, ಪ್ರೈವಸಿ ಆ್ಯಂಡ್ ಸೆಕ್ಯೂರಿಟಿ, ಡಿವೈಸ್ ಎನ್‌ಕ್ರಿಪ್ಷನ್ ತೆರೆದು ನೋಡಿ. ಆನ್ ಇದ್ದರೆ ಕೀಯನ್ನು ಕಾಗದದ ಮೇಲೆ ಮುದ್ರಿಸಿ ಬೀರುವಿನಲ್ಲಿಡಿ, ಇಲ್ಲವೇ ಆಫ್ ಮಾಡಿ ಡಿಸ್ಕ್ ಪೂರ್ತಿ ಡಿಕ್ರಿಪ್ಟ್ ಆಗುವವರೆಗೆ ಕಾಯಿರಿ.

ಕಡತಗಳನ್ನು ನೆಟ್‌ನಲ್ಲಿ ಇಡುವ ಮೈಕ್ರೋಸಾಫ್ಟಿನ ಒನ್‌ಡ್ರೈವ್ ಕೂಡ ಇದೇ ಜಾತಿ. ಬ್ಯಾಕಪ್ ಆನ್ ಆದರೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮೂರೂ ಅದರ ಫೋಲ್ಡರಿನೊಳಗೆ ಹೋಗುತ್ತವೆ. ಪುಕ್ಕಟೆ ಜಾಗ 5 ಜಿಬಿ. ಕೋರೆಲ್ ಕಡತಗಳಿಗೆ ಅದು ಎಷ್ಟು ದಿನ ಬಂದೀತು? ಗುರುತಿನ ಪಕ್ಕ ಮೋಡದ ಚಿತ್ರವಿರುವ ಕಡತ ನೆಟ್ ಇಲ್ಲದಾಗ ತೆರೆಯುವುದಿಲ್ಲ. ಟಾಸ್ಕ್‌ಬಾರಿನ ಮೋಡದ ಗುರುತು, ಸೆಟ್ಟಿಂಗ್ಸ್, ಮ್ಯಾನೇಜ್ ಬ್ಯಾಕಪ್‌ಗೆ ಹೋಗಿ ಮೂರನ್ನೂ ನಿಲ್ಲಿಸಿ. ಆಗ ಡೆಸ್ಕ್‌ಟಾಪ್ ಖಾಲಿ ಕಂಡರೆ ಗಾಬರಿ ಬೇಡ, ಕಡತಗಳು ಒನ್‌ಡ್ರೈವ್ ಫೋಲ್ಡರಿನಲ್ಲೇ ಇರುತ್ತವೆ, ಈಚೆಗೆ ಎಳೆದುಕೊಳ್ಳಿ.

ಹಳೆಯ ಯಂತ್ರದವರಿಗೆ ಕಂಪನಿ ಮಾಡಿದ್ದು ಅನ್ಯಾಯವೇ. ಇಂಟೆಲ್‌ನ ಆರು, ಏಳನೇ ಪೀಳಿಗೆಯ ಐ5 ಟೈಪಿಂಗಿಗೆ ಇಂದಿಗೂ ಧಾರಾಳವಾಗಿ ಸಾಕು. ಆದರೂ ವಿಂಡೋಸ್ 11 ಎಂಟನೇ ಪೀಳಿಗೆ, ಟಿಪಿಎಂ 2.0 ಎಂಬ ಭದ್ರತಾ ಚಿಪ್ ಕೇಳುತ್ತದೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಇಎಸ್‌ಯು ಎಂಬ ಹೆಚ್ಚುವರಿ ಭದ್ರತಾ ಅಪ್‌ಡೇಟ್‌ಗೆ ನೋಂದಾಯಿಸಿದ ಮನೆಬಳಕೆಯ ಯಂತ್ರಕ್ಕೆ 2026ರ ಅಕ್ಟೋಬರ್ 13ರವರೆಗೆ ಗಡುವು. ಅಂಥ ಯಂತ್ರವನ್ನು ಗುಜರಿಗೆ ಹಾಕುವ ಮೊದಲು ನೆಟ್ ಕಿತ್ತು ಬರೀ ನುಡಿ ಮತ್ತು ಪ್ರಿಂಟರಿಗೆ ಇಟ್ಟುಕೊಳ್ಳಿ. ಪಹಣಿ, ಬ್ಯಾಂಕು, ಇಮೇಲ್ ಹೊಸ ಯಂತ್ರದಲ್ಲಿರಲಿ. ಗಿರಾಕಿಗಳ ಪೆನ್‌ಡ್ರೈವನ್ನೂ ಅಲ್ಲೇ ಸ್ಕ್ಯಾನ್ ಮಾಡಿ ಆಮೇಲೆ ಹಳೆಯದಕ್ಕೆ ಹಾಕಿ.