ಅಮ್ಮನ್ನ ಮೆಮೊರಿ ಕ್ಲಿನಿಕ್‌ಗೆ ಕರ್ಕೊಂಡು ಹೋಗಿದ್ವಿ, 5ಕ್ಕೆ 4 ಸ್ಟಾರ್

ವಯಸ್ಸಾದೋರ ಮರೆವು ನೋಡೋ ಮೆಮೊರಿ ಕ್ಲಿನಿಕ್ ಬಗ್ಗೆ ಬರೀತಿದೀನಿ, ಮನೇಲಿ ಹಿರಿಯರು ಇರೋರಿಗೆ ಉಪಯೋಗ ಆಗ್ಲಿ ಅಂತ. ದೂರೂ ಇದೆ, ಅದಕ್ಕೆ ಹೆಸರು ಹಾಕ್ತಿಲ್ಲ.

ನಾವು ಹೋಗಿದ್ದು ಮರೆವಿಗಿಂತ ಜಾಸ್ತಿ ಅಮ್ಮನ ಸ್ವಭಾವ ಬದಲಾಗಿದ್ದಕ್ಕೆ. ಯಾರ ಮೇಲೂ ದನಿ ಎತ್ತದವರು ಸಣ್ಣಪುಟ್ಟದಕ್ಕೆಲ್ಲ ಸಿಡುಕೋಕೆ ಶುರು ಮಾಡಿದ್ರು, ಬೀರು ಕೀ ತಾವೇ ಎಲ್ಲೋ ಇಟ್ಟು ಸೊಸೆ ತಗೊಂಡ್ಲು ಅನ್ನೋರು, ತಂಗಿ ಫೋನ್ ಮಾಡಿದ್ರೆ ಮಾತು ಬೇಡ, ಟಿವಿ ಬೇಡ, ಸುಮ್ನೆ ಕೂತೇ ಇರೋರು. ನೆಂಟರದ್ದೆಲ್ಲ ಒಂದೇ ಮಾತು, ವಯಸ್ಸಾಯ್ತಲ್ಲ, ಅರಳುಮರಳು ಅಂತ. ಆ ಮಾತು ಕೇಳ್ಕೊಂಡು ಎಷ್ಟು ಮನೇಲಿ ಸುಮ್ನಾಗ್ಬಿಡ್ತಾರೋ ಏನೋ.

ಈ ಕ್ಲಿನಿಕ್‌ನಲ್ಲಿ ನಂಗೆ ತುಂಬಾ ಹಿಡಿಸಿದ್ದು ಏನಂದ್ರೆ, ಅಮ್ಮನ್ನ ನರ್ಸ್ ಜೊತೆ ಬೇರೆ ರೂಮಲ್ಲಿ ಕೂರ್ಸಿ ಡಾಕ್ಟ್ರು ನಮ್ಮನ್ನ ಪ್ರತ್ಯೇಕವಾಗಿ ಕರ್ದು ಮಾತಾಡಿಸಿದ್ರು. ಅಮ್ಮನ ಎದುರಿಗೇ ಅವರು ಹಿಂಗ್ ಮಾಡ್ತಾರೆ ಹಂಗ್ ಮಾಡ್ತಾರೆ ಅಂತ ಹೇಳೋಕೆ ಯಾರಿಗೆ ಮನಸ್ಸು ಬರತ್ತೆ ಹೇಳಿ. ಮೊದಲ್ನೇ ಪ್ರಶ್ನೆನೇ ಇದು ಯಾವಾಗಿಂದ ಅಂತ. ಗಂಟೆಗಳಲ್ಲಿ ಅಥವಾ ಎರಡ್ಮೂರು ದಿನದಲ್ಲಿ ದಿಢೀರ್ ಅಂತ ಗೊಂದಲ ಶುರುವಾದ್ರೆ ಅದು ಡೆಲಿರಿಯಮ್ ಇರ್ಬೋದಂತೆ, ಮೂತ್ರದ ಸೋಂಕು, ನ್ಯುಮೋನಿಯಾ, ಹೊಸದಾಗಿ ಕೊಟ್ಟ ಮಾತ್ರೆ ಇಂಥದ್ರಿಂದ ಬರತ್ತೆ, ಹಂಗಾದ್ರೆ ಅಪಾಯಿಂಟ್‌ಮೆಂಟ್‌ಗೆ ಕಾಯದೆ ಸೀದಾ ಆಸ್ಪತ್ರೆಗೆ ಹೋಗ್ಬೇಕು ಅಂದ್ರು. ನಮ್ದು ನಿಧಾನಕ್ಕೆ ಬಂದಿದ್ದು. 50 ದಾಟಿದ ಮೇಲೆ ಹೊಸದಾಗಿ ಬಂದ ಸಿಡುಕು, ಅನುಮಾನ, ಯಾವುದ್ರಲ್ಲೂ ಆಸಕ್ತಿ ಇಲ್ದಿರೋದು 6 ತಿಂಗಳಾದ್ರೂ ಹೋಗ್ಲಿಲ್ಲ ಅಂದ್ರೆ ತೋರಿಸ್ಲೇಬೇಕು, ಕೆಲವರಲ್ಲಿ ನೆನಪು ಕೈಕೊಡೋಕೆ ಮುಂಚೆನೇ ನಡವಳಿಕೆ ಬದಲಾಗತ್ತೆ, ಡಿಮೆನ್ಷಿಯಾ ಅಂದ್ರೆ ನೆನಪು, ಯೋಚನೆ ಕುಗ್ಗಿ ದಿನದ ಕೆಲಸಕ್ಕೂ ತೊಂದ್ರೆ ಆಗೋ ಕಾಯಿಲೆ, ಅದ್ರಲ್ಲಿ ಫ್ರಂಟೊಟೆಂಪೊರಲ್ ಅನ್ನೋ ಬಗೆಯಲ್ಲಂತೂ ಸಾಮಾನ್ಯವಾಗಿ ಅದೇ ಮೊದ್ಲು ಅಂತ ಬಿಡಿಸಿ ಹೇಳಿದ್ರು. ಖಿನ್ನತೆ ಇದ್ರೂ ಹೀಗೇ ಕಾಣ್ಬೋದಂತೆ, ಅದಕ್ಕೂ ಬೇರೆ ಪ್ರಶ್ನೆಗಳು ಕೇಳಿದ್ರು.

ಆಮೇಲೆ ನೆನಪು, ಯೋಚನೆ ಹೆಂಗಿದೆ ಅಂತ ನೋಡೋ ಮೋಕಾ ಅನ್ನೋ ಟೆಸ್ಟು, ಒಟ್ಟು 30 ಅಂಕ. ಅದ್ರಲ್ಲಿ ಗಡಿಯಾರ ಬರೆದು 11 ಗಂಟೆ 10 ನಿಮಿಷ ತೋರ್ಸಿ ಅಂತಾರೆ. ಅಮ್ಮ ಸುತ್ತು ಚೆನ್ನಾಗೇ ಹಾಕಿದ್ರು, ಅಂಕಿಗಳೆಲ್ಲ ಒಂದೇ ಪಕ್ಕಕ್ಕೆ ಒತ್ತಾದ್ವು, ಒಂದು ಮುಳ್ಳು 11ಕ್ಕೆ ಇಟ್ರು, ಇನ್ನೊಂದು 2ಕ್ಕೆ ಹೋಗೋ ಬದ್ಲು 10ಕ್ಕೆ ಇಟ್ಟು ಸರಿನಾ ಅಂತ ನನ್ನ ಮುಖ ನೋಡಿದ್ರು. ಮನೆ ಲೆಕ್ಕ ಪೂರ್ತಿ ನೋಡ್ಕೊಂಡಿದ್ದ ಕೈ ಅದು, ನಂಗೆ ಗಂಟಲು ಕಟ್ಕೊಂಡ್ತು. ಟೆಸ್ಟ್ ಮಾಡಿದ ಹುಡುಗಿ ಮಾತ್ರ ತಪ್ಪು ಅನ್ಲಿಲ್ಲ, ಆತುರ ಪಡ್ಲಿಲ್ಲ, ಆಯ್ತಮ್ಮಾ ಮುಂದಿನದು ನೋಡೋಣ ಅಂತ ಹೋದ್ಲು. ಆ ಹುಡುಗಿಗೆ ಇನ್ನೊಂದು ಸ್ಟಾರ್ ಬೇರೆನೇ ಕೊಡ್ಬೇಕು.

ಈ ಅಂಕ ನೋಡಿ ಯಾರೂ ಡಿಮೆನ್ಷಿಯಾ ಅಂತ ತೀರ್ಮಾನ ಮಾಡಲ್ಲ. ಬಿ12, ಥೈರಾಯ್ಡ್ ರಕ್ತ ಪರೀಕ್ಷೆ, ತಲೆ ಸ್ಕ್ಯಾನ್, ಕಿವಿ ಪರೀಕ್ಷೆ ಎಲ್ಲ ಬರ್ಕೊಟ್ರು. ಅಮ್ಮ ತಗೊಳ್ಳೋ ಮಾತ್ರೆಗಳನ್ನ ಒಂದೊಂದಾಗಿ ನೋಡಿ, ನಿದ್ದೆ ಮಾತ್ರೆಯಿಂದ ಗೊಂದಲ ಜಾಸ್ತಿ ಆಗ್ಬೋದು, ಆದ್ರೆ ಒಂದೇ ಸಲ ನಿಲ್ಲಿಸ್ಬೇಡಿ, ನಿಧಾನಕ್ಕೆ ಕಮ್ಮಿ ಮಾಡೋಣ ಅಂದ್ರು. ಸಿಟ್ಟಿಗೆ ಏನಾದ್ರೂ ಶಾಂತ ಮಾಡೋ ಮಾತ್ರೆ ಕೊಡಿ ಅಂತ ಅಣ್ಣ ಕೇಳ್ದ, ಕೊಡ್ಲಿಲ್ಲ. ಆ ಥರದ ಆಂಟಿಸೈಕೋಟಿಕ್ ಮಾತ್ರೆಗಳಿಂದ ಡಿಮೆನ್ಷಿಯಾ ಇರೋ ಹಿರಿಯರಿಗೆ ಜೀವಕ್ಕೇ ಅಪಾಯ ಜಾಸ್ತಿ ಅಂತ 2005ರಲ್ಲೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಕೆ ಕೊಟ್ಟಿದೆ, ತೀರಾ ಅಗತ್ಯ ಬಿದ್ರೆ ಮಾತ್ರ ಅಂದ್ರು. ಕೇಳಿದ್ದನ್ನ ಬರ್ಕೊಟ್ಟು ಕಳ್ಸೋದು ಸುಲಭ ಇತ್ತು, ಅವರು ಹಂಗೆ ಮಾಡ್ಲಿಲ್ಲ.

ಕೊನೆಗೆ ಹೇಳಿದ್ದು ಮೈಲ್ಡ್ ಕಾಗ್ನಿಟಿವ್ ಇಂಪೇರ್‌ಮೆಂಟ್, ಅಂದ್ರೆ ನೆನಪು, ಯೋಚನೆ ವಯಸ್ಸಿಗೆ ಮೀರಿ ಕುಗ್ಗಿದೆ, ಆದ್ರೆ ದಿನದ ಕೆಲಸ ತಾವೇ ಮಾಡ್ಕೋತಾರೆ. ಇದು ಎಲ್ಲರಿಗೂ ಡಿಮೆನ್ಷಿಯಾಗೇ ಹೋಗಲ್ಲ, ಕೆಲವರು ಅಲ್ಲೇ ನಿಲ್ತಾರೆ, ಕೆಲವರು ಸುಧಾರಿಸ್ತಾರೆ. ಕಿವಿನೂ ಮಂದ ಆಗಿದೆ ಅಂತ ಗೊತ್ತಾಯ್ತು, ಮಷಿನ್ ಹಾಕಿದ್ಮೇಲೆ ಮಾತಿಗೆ ಕೂರೋದು ಸ್ವಲ್ಪ ಜಾಸ್ತಿ ಆಗಿದೆ. ಅನುಮಾನ ಇನ್ನೂ ಇದೆ. ಕೀ ವಿಷಯಕ್ಕೆ ವಾದ ಮಾಡ್ಬೇಡಿ, ಬನ್ನಿ ಹುಡುಕೋಣ ಅನ್ನಿ ಅಂತ ಹೇಳ್ಕೊಟ್ಟಿದ್ದು ಮಾತ್ರ ನಮ್ಮನೇಲಿ ನಿಜಕ್ಕೂ ಕೆಲಸ ಮಾಡ್ತಿದೆ.

ಒಂದು ಸ್ಟಾರ್ ಕಳೆದಿದ್ದು ಯಾಕಂದ್ರೆ ರಿಸೆಪ್ಷನ್‌ನಲ್ಲಿ ತುಂಬಿದ ಹಾಲ್‌ನಲ್ಲಿ ಡಿಮೆನ್ಷಿಯಾ ಪೇಷೆಂಟ್ ಯಾರು ಬನ್ನಿ ಅಂತ ಜೋರಾಗಿ ಕೂಗಿದ್ರು. ಅಮ್ಮ ತಲೆ ತಗ್ಗಿಸಿಬಿಟ್ರು. ಹೆಸರು ಹಿಡಿದು ಕರೆಯೋಕೆ ಏನು ಕಷ್ಟ? ಕಿವಿ ಪರೀಕ್ಷೆನೂ ಮೋಕಾಗಿಂತ ಮೊದ್ಲೇ ಮಾಡ್ಬೇಕಿತ್ತು, ಸರಿಯಾಗಿ ಕೇಳಿಸ್ದೆ ಇದ್ರೆ ಪದ ನೆನಪಿಟ್ಕೊಳ್ಳೋದು ಹೆಂಗೆ.

ಹೋಗೋರು ಕನ್ನಡಕ, ಕಿವಿ ಮಷಿನ್, ಎಲ್ಲಾ ಮಾತ್ರೆಗಳು ತಗೊಂಡೋಗಿ, ನೀವು ಗಮನಿಸಿದ ಬದಲಾವಣೆ ಒಂದು ಚೀಟೀಲಿ ಬರ್ಕೊಂಡಿರಿ. ಬೆಳಗ್ಗೆ ಟೈಮೇ ಕೇಳಿ, ಸಂಜೆ ಆದ್ರೆ ತುಂಬಾ ಜನಕ್ಕೆ ಗೊಂದಲ, ಚಡಪಡಿಕೆ ಜಾಸ್ತಿ ಆಗತ್ತೆ.