ಆಬ್ಲಿವಿಯನ್ ರೀಮಾಸ್ಟರ್ಡ್: ಅವಸರವಿಲ್ಲದೆ ಒಂದೇ ವಿದ್ಯೆಯನ್ನು ಬೆಳೆಸುವವರಿಗೆ

‘ದಿ ಎಲ್ಡರ್ ಸ್ಕ್ರೋಲ್ಸ್ 4: ಆಬ್ಲಿವಿಯನ್ ರೀಮಾಸ್ಟರ್ಡ್’ 2025ರ ಏಪ್ರಿಲ್ 22ರಂದು ಬಿಡುಗಡೆಯಾಯಿತು. ಪಾತ್ರವೊಂದನ್ನು ಬೆಳೆಸುತ್ತಾ ಕಾಲ್ಪನಿಕ ಜಗತ್ತಿನಲ್ಲಿ ಸಾಗುವ ವಿಡಿಯೋ ಗೇಮ್ ಇದು. 2006ರಲ್ಲಿ ಬಂದ ಮೂಲ ಆಟವನ್ನು ಬೆಥೆಸ್ಡಾ ಸಂಸ್ಥೆಯೊಂದಿಗೆ ಸೇರಿ ವರ್ಚುವೋಸ್ ಸಂಸ್ಥೆ ಹೊಸದಾಗಿ ಸಜ್ಜುಗೊಳಿಸಿದ್ದು, ಹಳೆಯ ಎಂಜಿನ್‌ನ (ಆಟವನ್ನು ನಡೆಸುವ ತಂತ್ರಾಂಶದ) ಮೇಲೆ ಅನ್‌ರಿಯಲ್ ಎಂಜಿನ್ 5ರ ಚಿತ್ರಣವನ್ನು ಕೂರಿಸಿದೆ. ಬೆಟ್ಟ, ಕಾಡು, ಬಿಸಿಲು ಎಲ್ಲವೂ ಚೆನ್ನಾಗಿ ಮೂಡಿವೆ ಎಂದಷ್ಟೇ ಹೇಳಿ ಆ ಮಾತನ್ನು ಇಲ್ಲಿಗೇ ಬಿಡುತ್ತೇನೆ. ಎಲ್ಲ ವಿದ್ಯೆಗಳನ್ನೂ ಅಷ್ಟಿಷ್ಟು ಕಲಿಯುವ ಪಾತ್ರದ ಬದಲು ಒಂದೇ ವಿದ್ಯೆಯಲ್ಲಿ ನುರಿತ ಪಾತ್ರವನ್ನು ಕಟ್ಟಿ, ಅದರ ಲೆವೆಲ್ಲನ್ನು, ಅಂದರೆ ಒಟ್ಟಾರೆ ಬೆಳವಣಿಗೆಯ ಹಂತವನ್ನು, ಬೇಕೆಂದೇ ನಿಧಾನವಾಗಿ ಏರಿಸುವ ಆಟಗಾರರಿಗೆ ಈ ಆವೃತ್ತಿ ಎಷ್ಟು ಒಗ್ಗುತ್ತದೆ ಎಂಬುದೇ ಈ ವಿಮರ್ಶೆಯ ವಿಷಯ.

ಲೆವೆಲ್ ಏರುವುದನ್ನು ಯಾರಾದರೂ ಏಕೆ ತಡೆಹಿಡಿಯಬೇಕು ಎಂದು ಈ ಆಟವನ್ನು ಆಡದವರು ಕೇಳಬಹುದು. ಆಬ್ಲಿವಿಯನ್‌ನಲ್ಲಿ ಆಟಗಾರನ ಲೆವೆಲ್ ಏರಿದಂತೆ ಸುತ್ತಲಿನ ಜಗತ್ತೂ ಏರುತ್ತದೆ. ಆರಂಭದಲ್ಲಿ ತೊಗಲಿನ ಕವಚ ತೊಟ್ಟು ಎದುರಾಗುತ್ತಿದ್ದ ದರೋಡೆಕೋರರು ಮುಂದೆ ಬೆಲೆಬಾಳುವ ಗ್ಲಾಸ್ ಕವಚದಲ್ಲಿ ನಿಂತು, ದಾರಿಹೋಕನಿಂದ ಆಗಲೂ ಅದೇ 100 ಚಿನ್ನದ ನಾಣ್ಯಗಳನ್ನು ಕೇಳುತ್ತಾರೆ. ಗಾಬ್ಲಿನ್ ಮುಖಂಡರಂಥ ಕೆಲವು ಶತ್ರುಗಳ ಜೀವಬಲ ಆಟಗಾರನ ಲೆವೆಲ್ ಜೊತೆಗೇ ಬೆಳೆಯುತ್ತಾ ಹೋಗುತ್ತದೆ. ಕ್ವಾಚ್ ನಗರವನ್ನು ಬಿಡಿಸಿಕೊಳ್ಳುವ ಕಾಳಗವನ್ನು ಮೊದಲ ಕೆಲವು ಲೆವೆಲ್‌ಗಳಲ್ಲೇ ಮುಗಿಸಿದವರಿಗೆ ಬಹುಪಾಲು ಸ್ಕ್ಯಾಂಪ್‌ಗಳಂಥ ಸಣ್ಣ ಡೇಡ್ರಾಗಳು (ಆಬ್ಲಿವಿಯನ್ ಎಂಬ ಬೇರೆ ಲೋಕದ ಜೀವಿಗಳು) ಎದುರಾಗುತ್ತವೆ. ಅದೇ ಕಾಳಗವನ್ನು ತುಂಬ ಮುಂದೂಡಿ ಹೋದವರು ಡೇಡ್ರೋತ್ ಎಂಬ ಬಲಿಷ್ಠ ಡೇಡ್ರಾಗಳ ಗುಂಪಿನೆದುರು ತಮ್ಮ ಜೊತೆಗಿನ ಕಾವಲುಗಾರರು ಒಬ್ಬೊಬ್ಬರಾಗಿ ಬೀಳುವುದನ್ನು ನೋಡಬೇಕಾಗುತ್ತದೆ. ಹೀಗಾಗಿ ಲೆವೆಲ್ ಎನ್ನುವುದು ಇಲ್ಲಿ ಬಹುಮಾನವೂ ಹೌದು, ಹೊರೆಯೂ ಹೌದು. ಕತ್ತಿ ಬೀಸುವ ಯೋಧ ಈ ಹೊರೆಯನ್ನು ಹೇಗೋ ಹೊತ್ತಾನು. ಮಾತುಗಾರಿಕೆ, ಬೀಗ ತೆಗೆಯುವುದು, ಮಾಯಾಜಾಲ ಇಂಥವುಗಳನ್ನೇ ನಂಬಿದ ಪಾತ್ರಕ್ಕೆ ಅದು ನಡುಮುರಿಯುವಷ್ಟು ಭಾರವಾಗುತ್ತದೆ.

ಮೂಲ ಆಟದ ಲೆಕ್ಕಾಚಾರ ಈ ಕಷ್ಟವನ್ನು ಇನ್ನಷ್ಟು ಹೆಚ್ಚಿಸಿತ್ತು. ಒಟ್ಟು 21 ಸ್ಕಿಲ್‌ಗಳಲ್ಲಿ, ಅಂದರೆ ವಿದ್ಯೆಗಳಲ್ಲಿ, 7ನ್ನು ಮೇಜರ್ (ಮುಖ್ಯ) ಎಂದು ಆರಿಸಿಕೊಳ್ಳಬೇಕು, ಉಳಿದವು ಮೈನರ್. ಆ ಏಳರಲ್ಲಿ ಒಟ್ಟು 10 ಏರಿಕೆಗಳಾದಾಗ ಒಂದು ಲೆವೆಲ್. ಆಗ ಮೂರು ಆಟ್ರಿಬ್ಯೂಟ್‌ಗಳನ್ನು (ಪಾತ್ರದ ಮೂಲ ಗುಣಗಳನ್ನು) ಹೆಚ್ಚಿಸಿಕೊಳ್ಳಲು ಅವಕಾಶವಿತ್ತು. ಆದರೆ ಒಂದೊಂದೂ ಎಷ್ಟು ಹೆಚ್ಚುತ್ತದೆ ಎಂಬುದು ಆ ಲೆವೆಲ್‌ನ ಅವಧಿಯಲ್ಲಿ ಅದಕ್ಕೆ ಸೇರಿದ ಸ್ಕಿಲ್‌ಗಳು ಎಷ್ಟು ಬಾರಿ ಏರಿದ್ದವು ಎಂಬುದನ್ನು ಅವಲಂಬಿಸಿತ್ತು. ಪೂರ್ತಿ 5 ಅಂಕ ಸಿಗಬೇಕಾದರೆ 10 ಏರಿಕೆಗಳು ಬೇಕು. ಬೆಂಕಿಯನ್ನೇ ನಂಬಿದ ಮಂತ್ರವಾದಿಯ ಸ್ಥಿತಿಯನ್ನು ನೋಡಿ. ಅವನು ದಿನವಿಡೀ ಬಳಸುವ ಡಿಸ್ಟ್ರಕ್ಷನ್ ವಿದ್ಯೆ ವಿಲ್‌ಪವರ್ ಎಂಬ ಆಟ್ರಿಬ್ಯೂಟ್‌ಗೆ ಸೇರಿದ್ದು, ಅವನ ಮಂತ್ರಶಕ್ತಿಯ ಕೊಡ ತುಂಬುವುದು ಮಾತ್ರ ಇಂಟೆಲಿಜೆನ್ಸ್ ಎಂಬ ಇನ್ನೊಂದರಿಂದ. ತನ್ನ ವಿದ್ಯೆಯಲ್ಲಿ ಅವನು ಎಷ್ಟು ಪಳಗಿದರೂ ಇಂಟೆಲಿಜೆನ್ಸ್‌ಗೆ ಅದರಿಂದ ಏನೂ ದಕ್ಕದು. ಜೀವಬಲದ ಕಥೆ ಇನ್ನೂ ಕಠಿಣವಾಗಿತ್ತು: ಪ್ರತಿ ಲೆವೆಲ್‌ನಲ್ಲೂ ಎಂಡ್ಯೂರೆನ್ಸ್ (ತಾಳಿಕೆ) ಎಂಬ ಆಟ್ರಿಬ್ಯೂಟ್‌ನ ಹತ್ತನೇ ಒಂದು ಭಾಗದಷ್ಟು ಮಾತ್ರ ಜೀವಬಲ ಸೇರುತ್ತಿದ್ದುದರಿಂದ ಆರಂಭದಲ್ಲಿ ಅದನ್ನು ಕಡೆಗಣಿಸಿದವರಿಗೆ ಆ ನಷ್ಟವನ್ನು ಮುಂದೆಂದೂ ತುಂಬಿಕೊಳ್ಳಲಾಗುತ್ತಿರಲಿಲ್ಲ. ಎಂಡ್ಯೂರೆನ್ಸ್ ಹೆಚ್ಚಿಸುವ ಸ್ಕಿಲ್‌ಗಳಾದರೋ ಕವಚ ದುರಸ್ತಿ, ಗುರಾಣಿ ತಡೆ ಮತ್ತು ಭಾರದ ಕವಚ. ಆದ್ದರಿಂದ ಮಂತ್ರವಾದಿಯೊಬ್ಬ ಉಕ್ಕಿನ ಕವಚ ತೊಟ್ಟು, ಗುರಾಣಿ ಹಿಡಿದು, ಕೆರೆಯ ದಂಡೆಯಲ್ಲಿ ಮಡ್‌ಕ್ರ್ಯಾಬ್ ಎಂಬ ಏಡಿಯೊಂದರಿಂದ ಸುಮ್ಮನೆ ಹೊಡೆಸಿಕೊಳ್ಳುತ್ತಾ ನಿಲ್ಲುವುದು ಈ ಆಟದಲ್ಲಿ ಮಾಮೂಲಿ ದೃಶ್ಯವಾಗಿತ್ತು. ಪಾತ್ರ ಏನಾಗಬೇಕೆಂದು ಹೊರಟಿದೆಯೋ ಅದಕ್ಕೂ ಬೆಳೆಯಲು ಅದು ಮಾಡಬೇಕಾದ ಕೆಲಸಕ್ಕೂ ಸಂಬಂಧವೇ ಇರಲಿಲ್ಲ. ಮೂಲ ಆಟದ ಬಗ್ಗೆ ನನ್ನ ದೊಡ್ಡ ತಕರಾರು ಇದೇ.

ನಿಧಾನದ ಲೆವೆಲಿಂಗ್‌ನಲ್ಲಿ ಪಳಗಿದವರು ಇದಕ್ಕೊಂದು ಉಪಾಯ ಕಂಡುಕೊಂಡಿದ್ದರು. ತಾವು ಎಂದೂ ಬಳಸದ ಏಳು ಸ್ಕಿಲ್‌ಗಳನ್ನು ಮೇಜರ್ ಎಂದು ಗುರುತಿಸಿ, ನಿಜವಾಗಿ ಬೇಕಾದ ವಿದ್ಯೆಯನ್ನು ಮೈನರ್ ಪಟ್ಟಿಯಲ್ಲಿ ಉಳಿಸಿಕೊಳ್ಳುತ್ತಿದ್ದರು. ಆಗ ವಿದ್ಯೆ 75 ದಾಟಿದರೂ ಲೆವೆಲ್ ಅಲುಗಾಡುವುದಿಲ್ಲ. ಮೇಜರ್ ಸ್ಕಿಲ್‌ಗಳು 25ರಿಂದ ಶುರುವಾದರೆ ಮೈನರ್ ಸ್ಕಿಲ್‌ಗಳು 5ರಿಂದ ಶುರುವಾಗುತ್ತವೆಯಾದ್ದರಿಂದ ಮೊದಲ ಗಂಟೆಗಳು ಬಹಳ ನೀರಸವಾಗಿರುತ್ತಿದ್ದವು. ಕೆಲಸವಾಗುತ್ತಿತ್ತು, ಆದರೆ ಮಾಯಾವಿಯ ಪರಿಚಯಪತ್ರದಲ್ಲಿ ಗದೆ ಮತ್ತು ಭಾರದ ಕವಚ ಎಂದು ಬರೆದಿರುವುದು ಕೊನೆಯವರೆಗೂ ಕಣ್ಣಿಗೆ ಚುಚ್ಚುತ್ತಿತ್ತು.

ಹೊಸ ಆವೃತ್ತಿ ಈ ಲೆಕ್ಕವನ್ನು ಬುಡದಿಂದಲೇ ಬದಲಾಯಿಸಿದೆ. ಈಗ ಪ್ರತಿ ಲೆವೆಲ್‌ಗೆ 12 ವರ್ಚ್ಯೂ ಅಂಕಗಳು ಸಿಗುತ್ತವೆ. ಅವನ್ನು ಗರಿಷ್ಠ ಮೂರು ಆಟ್ರಿಬ್ಯೂಟ್‌ಗಳಿಗೆ, ಒಂದಕ್ಕೆ 5ನ್ನು ಮೀರದಂತೆ, ಇಷ್ಟ ಬಂದ ಹಾಗೆ ಹಂಚಬಹುದು. ಲಕ್ (ಅದೃಷ್ಟ) ಎಂಬ ಆಟ್ರಿಬ್ಯೂಟ್ ಮಾತ್ರ ದುಬಾರಿ, ಅದರ ಒಂದಂಕಕ್ಕೆ 4 ವರ್ಚ್ಯೂ ತೆರಬೇಕು. ಯಾವ ಸ್ಕಿಲ್ ಎಷ್ಟು ಬಾರಿ ಏರಿತು ಎಂಬ ಲೆಕ್ಕದ ಹಂಗಿಲ್ಲ. ಬೆಂಕಿಯ ಮಂತ್ರವಾದಿ ಬೆಂಕಿಯನ್ನೇ ಎಸೆಯುತ್ತಾ ಇಂಟೆಲಿಜೆನ್ಸ್‌ಗೆ 5, ಎಂಡ್ಯೂರೆನ್ಸ್‌ಗೆ 5, ವಿಲ್‌ಪವರ್‌ಗೆ 2 ಎಂದು ಹಾಕಿಕೊಂಡು ಮುಂದೆ ಸಾಗಬಹುದು. ನಾನು ಈ ಬದಲಾವಣೆಯನ್ನು ಮನಸಾರೆ ಮೆಚ್ಚುತ್ತೇನೆ. ಒಂದೇ ವಿದ್ಯೆಯ ಪಾತ್ರವೊಂದು ತನ್ನ ವಿದ್ಯೆಯನ್ನು ಮಾತ್ರ ಅಭ್ಯಾಸ ಮಾಡಿ ಬೆಳೆಯಬಹುದಾದದ್ದು ಇದರಿಂದಲೇ.

ಆದರೆ ಜಗತ್ತು ಆಟಗಾರನೊಂದಿಗೆ ಏರುವ ಪದ್ಧತಿ ಮೂಲತಃ ಹಾಗೆಯೇ ಉಳಿದಿದೆ. ಆದ್ದರಿಂದ ನಿಧಾನವಾಗಿ ಏರುವುದರ ಅಗತ್ಯ ತಪ್ಪಿಲ್ಲ. ಇದನ್ನು ಪರೀಕ್ಷಿಸಲು ನಾನು ಆರಿಸಿಕೊಂಡದ್ದು ಇಲ್ಯೂಷನ್ (ಮಾಯೆ) ವಿದ್ಯೆಯೊಂದನ್ನೇ ನಂಬಿದ ಪಾತ್ರವನ್ನು. ಈ ವಿದ್ಯೆಯಲ್ಲಿ ಹಾನಿ ಮಾಡುವ ಮಂತ್ರಗಳಿಲ್ಲ. ಶತ್ರುವನ್ನು ಶಾಂತಗೊಳಿಸುವ, ಹೆದರಿಸಿ ಓಡಿಸುವ, ಕೆರಳಿಸಿ ತನ್ನವರ ಮೇಲೆಯೇ ಎತ್ತಿಕಟ್ಟುವ ಮಂತ್ರಗಳಿವೆ. ಪ್ರತಿಯೊಂದಕ್ಕೂ ಇಂತಿಷ್ಟು ಲೆವೆಲ್‌ವರೆಗಿನ ಶತ್ರುವಿನ ಮೇಲೆ ಮಾತ್ರ ನಾಟುತ್ತದೆ ಎಂಬ ಮಿತಿ ಇದೆ. ಪಾಳುಕೋಟೆಯೊಂದರ ನೆಲಮಾಳಿಗೆಯಲ್ಲಿ ಮೂವರು ದರೋಡೆಕೋರರು ಬೆಂಕಿಯ ಸುತ್ತ ಇದ್ದಾರೆ ಎಂದುಕೊಳ್ಳಿ. ಕತ್ತಲಲ್ಲಿ ಕೂತು ಒಬ್ಬನ ಮೇಲೆ ಕೆರಳಿಸುವ ಫ್ರೆನ್ಜಿ ಮಂತ್ರ ಎಸೆದರೆ ಅವನು ಪಕ್ಕದವನ ಮೇಲೆ ಕತ್ತಿ ಎತ್ತುತ್ತಾನೆ, ಮೂರನೆಯವನು ಬಿಡಿಸಲು ಹೋಗಿ ಪೆಟ್ಟು ತಿನ್ನುತ್ತಾನೆ, ಕೊನೆಗೆ ಉಳಿದ ಒಬ್ಬನನ್ನು ಶಾಂತಗೊಳಿಸಿ ಅವನ ಎದುರಿನಿಂದಲೇ ನಡೆದುಹೋಗಬಹುದು. ಪಾತ್ರದ ಲೆವೆಲ್ ಕಡಿಮೆ ಇದ್ದಾಗ ಈ ಆಟ ಸೊಗಸಾಗಿ ನಡೆಯುತ್ತದೆ. ಲೆವೆಲ್ ಏರಿದ ಮೇಲೆ ಅದೇ ಕೋಟೆಯಲ್ಲಿ ಅದೇ ಮಂತ್ರ ಎಸೆದರೆ ಮಂತ್ರಶಕ್ತಿ ಖರ್ಚಾಗುತ್ತದೆ, ಬೆಳಕು ಮಿನುಗುತ್ತದೆ, ಶತ್ರು ಮಾತ್ರ ಕದಲದೆ ನಿಮ್ಮತ್ತ ತಿರುಗುತ್ತಾನೆ. ಯೋಧನಿಗೆ ಲೆವೆಲ್ ಏರಿದ ಶತ್ರು ಎಂದರೆ ಇನ್ನಷ್ಟು ಏಟು ಹೊಡೆಯಬೇಕಾದ ಶತ್ರು, ಅಷ್ಟೆ. ಮಾಯಾವಿಗೆ ಅವನು ಮಂತ್ರದ ಮಿತಿಯನ್ನೇ ದಾಟಿ ಹೋದ ಶತ್ರು. ವಿದ್ಯೆ ಶತ್ರುವಿಗಿಂತ ಮುಂದಿರಬೇಕಾದರೆ ಸ್ಕಿಲ್ ಓಡಬೇಕು, ಲೆವೆಲ್ ತೆವಳಬೇಕು.

ಇದನ್ನು ಸಾಧಿಸಲು ಹೊಸ ಆವೃತ್ತಿಯಲ್ಲಿ ಇರುವ ಅತ್ಯುತ್ತಮ ಸಾಧನ ಹಾಸಿಗೆ. ಎಷ್ಟೇ ಅನುಭವ ಕೂಡಿಸಿದರೂ ಪಾತ್ರ ಮಲಗಿ ಎದ್ದ ಹೊರತು ಲೆವೆಲ್ ಏರುವುದಿಲ್ಲ. ಇದು ಮೂಲ ಆಟದಲ್ಲೂ ಇದ್ದ ನಿಯಮ. ಆದರೆ ಅಲ್ಲಿ ಮಲಗದೆ ಬಹುಕಾಲ ಕಳೆದರೆ ಹತ್ತನ್ನು ಮೀರಿದ ಏರಿಕೆಗಳಿಂದ ಆಟ್ರಿಬ್ಯೂಟ್‌ಗೆ ಬರಬೇಕಾದ ಲಾಭ ವ್ಯರ್ಥವಾಗುತ್ತಿತ್ತು. ಈಗ ಪ್ರತಿ ಲೆವೆಲ್‌ಗೂ ಸಿಗುವುದು ಅದೇ 12 ಅಂಕ. ಆದ್ದರಿಂದ ತಡಮಾಡಿದ್ದಕ್ಕೆ ದಂಡವಿಲ್ಲ. ಅದೇ ವೇಳೆಗೆ ಸ್ಕಿಲ್ 25, 50, 75 ಮತ್ತು 100ನ್ನು ಮುಟ್ಟಿದಾಗ ದೊರೆಯುವ ಸವಲತ್ತುಗಳಿಗೆ ನಿದ್ರೆಯ ಅಗತ್ಯವಿಲ್ಲ, ಅವು ಕೂಡಲೇ ಕೈಸೇರುತ್ತವೆ. ಇಲ್ಯೂಷನ್ ಏರಿದಂತೆ ಮಂತ್ರದ ಖರ್ಚು ಇಳಿಯುತ್ತದೆ, ಮೇಲಿನ ದರ್ಜೆಯ ಮಂತ್ರಗಳು ತೆರೆದುಕೊಳ್ಳುತ್ತವೆ. ಮಂತ್ರವಾದಿಗಳ ಸಂಘವಾದ ಮೇಜಸ್ ಗಿಲ್ಡ್‌ನ ಏಳು ಊರುಗಳ ಶಾಖೆಗಳಿಂದ ಶಿಫಾರಸು ಪಡೆದು ಆರ್ಕೇನ್ ಯೂನಿವರ್ಸಿಟಿ ಸೇರಿದರೆ ಸ್ವಂತ ಮಂತ್ರಗಳನ್ನೇ ಹೆಣೆಯಬಹುದು; ದೂರದಿಂದ ಎಸೆಯುವ ಬದಲು ಮುಟ್ಟಿ ಹಾಕುವ ಮಂತ್ರ ಅಗ್ಗ, ಅವಧಿ ಕಡಿಮೆ ಮಾಡಿದರೆ ಇನ್ನೂ ಅಗ್ಗ, ಉಳಿದ ಶಕ್ತಿಯನ್ನು ಲೆವೆಲ್ ಮಿತಿ ಹೆಚ್ಚಿಸಲು ಬಳಸಬಹುದು. ಒಂದೇ ವಿದ್ಯೆಯ ಪಾತ್ರವನ್ನು ಕಟ್ಟುವ ಸುಖ ನನಗೆ ಅತಿ ಹೆಚ್ಚು ಸಿಕ್ಕಿದ್ದು ಈ ಯೂನಿವರ್ಸಿಟಿಯ ಮೇಜಿನ ಮುಂದೆ. ಮಲಗದೇ ಉಳಿದರೆ ಜೀವಬಲ ಮತ್ತು ಮಂತ್ರಶಕ್ತಿ ಬೆಳೆಯುವುದಿಲ್ಲ ಎಂಬುದನ್ನು ಮಾತ್ರ ಮರೆಯಬಾರದು. ವಿದ್ಯೆ ಒಂದು ಮಜಲು ಮುಟ್ಟಿದಾಗ ಒಮ್ಮೆ ಮಲಗಿ, ಮತ್ತೆ ಮುಂದಿನ ಮಜಲಿನವರೆಗೆ ಹಾಸಿಗೆಯಿಂದ ದೂರವಿರುವ ಕ್ರಮ ಚೆನ್ನಾಗಿ ಹೊಂದುತ್ತದೆ.

ಇನ್ನು ಕಳೆದುಹೋದದ್ದರ ಬಗ್ಗೆ. ಹೊಸ ಪದ್ಧತಿಯಲ್ಲಿ ಮೈನರ್ ಸ್ಕಿಲ್‌ಗಳ ಏರಿಕೆಯೂ ಲೆವೆಲ್‌ಗೆ ಸೇರುತ್ತದೆ. ಮೇಜರ್‌ಗಳಷ್ಟಲ್ಲದಿದ್ದರೂ ಸೇರುವುದಂತೂ ನಿಜ. ಹಾಗಾಗಿ ವಿದ್ಯೆಯನ್ನು ಮೈನರ್ ಪಟ್ಟಿಯಲ್ಲಿ ಅಡಗಿಸಿಡುವ ಹಳೆಯ ಉಪಾಯಕ್ಕೆ ಮೊದಲಿನ ಬಲವಿಲ್ಲ, ಮತ್ತು ಬರಿದೇ ಓಡಾಡಿದರೂ, ಸರಕು ಮಾರಿದರೂ ಲೆವೆಲ್‌ನ ಮಾಪಕ ಅಷ್ಟಷ್ಟೇ ತುಂಬುತ್ತದೆ. ಸಾಮಾನ್ಯ ಆಟಗಾರನಿಗೆ ಇದು ನ್ಯಾಯವೇ. ನನ್ನಂಥವರಿಗೆ ಇದೊಂದು ಕೊರತೆ: ಪಾತ್ರದ ಬೆಳವಣಿಗೆಯ ಮೇಲೆ ಮೊದಲಿದ್ದ ಸೂಕ್ಷ್ಮ ಹಿಡಿತ ಈಗ ಹಾಸಿಗೆಯೊಂದಕ್ಕೆ ಸೀಮಿತವಾಗಿದೆ. ಯಾವ ಸ್ಕಿಲ್ ಲೆವೆಲ್‌ಗೆ ಲೆಕ್ಕವಾಗಬೇಕು, ಯಾವುದು ಆಗಬಾರದು ಎಂದು ಆರಿಸಲು ಆಟದ ಸೆಟ್ಟಿಂಗ್ಸ್‌ನಲ್ಲಿ ಒಂದು ಆಯ್ಕೆ ಇಟ್ಟಿದ್ದರೆ ಯಾರಿಗೂ ತೊಂದರೆಯಾಗುತ್ತಿರಲಿಲ್ಲ.

ಕಷ್ಟದ ಮಟ್ಟದ ಬಗ್ಗೆ ಎರಡು ಮಾತು. ಬಿಡುಗಡೆಯ ಹೊತ್ತಿನಲ್ಲಿ ಅಡೆಪ್ಟ್ ಮತ್ತು ಎಕ್ಸ್‌ಪರ್ಟ್ ಮಟ್ಟಗಳ ನಡುವೆ ದೊಡ್ಡ ಕಂದಕವಿತ್ತು. ಅಡೆಪ್ಟ್‌ನಲ್ಲಿ ಸಲೀಸು, ಎಕ್ಸ್‌ಪರ್ಟ್‌ನಲ್ಲಿ ಶತ್ರುಗಳು ಕಲ್ಲಿನಂತೆ ಗಟ್ಟಿ. ನಂತರದ ಅಪ್‌ಡೇಟ್‌ನಲ್ಲಿ ಇವೆರಡರ ನಡುವೆ ಜರ್ನಿಮ್ಯಾನ್ ಎಂಬ ಮಟ್ಟವನ್ನು ಸೇರಿಸಲಾಯಿತು. ಈ ಮಟ್ಟಗಳು ಮುಖ್ಯವಾಗಿ ಹಾನಿಯ ಪ್ರಮಾಣವನ್ನು ಬದಲಿಸುತ್ತವೆಯಾದ್ದರಿಂದ ಬೆಂಕಿಯ ಮಂತ್ರವಾದಿಗೆ ಅವು ದೊಡ್ಡ ವಿಷಯ. ಮನಸ್ಸನ್ನು ಕೆರಳಿಸುವ ಮಾಯಾವಿ ತನ್ನ ಮೈಗೆ ಏಟು ಬೀಳದಂತೆ ನೋಡಿಕೊಂಡರೆ ಎಕ್ಸ್‌ಪರ್ಟ್‌ನಲ್ಲೂ ಅದೇ ಆಟ ಆಡಬಹುದು.

ನಿಧಾನಕ್ಕೆ ತೆರಬೇಕಾದ ನಿಜವಾದ ಬೆಲೆ ಇರುವುದು ಬಹುಮಾನಗಳಲ್ಲಿ. ಹಲವು ಕ್ವೆಸ್ಟ್‌ಗಳಲ್ಲಿ (ಆಟ ಒಪ್ಪಿಸುವ ಕೆಲಸಗಳಲ್ಲಿ) ಸಿಗುವ ವಸ್ತುವಿನ ಬಲ ಅದನ್ನು ಪಡೆದ ಹೊತ್ತಿನ ಲೆವೆಲ್‌ಗೆ ತಕ್ಕಂತೆ ನಿಗದಿಯಾಗಿ, ಆಮೇಲೆ ಎಂದಿಗೂ ಬದಲಾಗುವುದಿಲ್ಲ. ಕೊರೋಲ್ ಊರಿನ ವ್ಯಾಲಸ್ ಓಡೀಲ್ ಎಂಬ ಮುದುಕ ಕೊಡುವ ಚಿಲ್‌ರೆಂಡ್ ಕತ್ತಿ ಇದಕ್ಕೆ ಪ್ರಸಿದ್ಧ ಉದಾಹರಣೆ: ಆರಂಭದಲ್ಲೇ ಪಡೆದರೆ ಅದರ ಹೊಡೆತವೂ ಹಿಮದ ಹಾನಿಯೂ ಅಲ್ಪ. ಡೇಡ್ರಾಗಳು ಹೊರಬರುವ ಆಬ್ಲಿವಿಯನ್ ದ್ವಾರಗಳನ್ನು ಮುಚ್ಚಿದಾಗ ಸಿಗುವ, ಆಯುಧ ಕವಚಗಳಿಗೆ ಮಂತ್ರಬಲ ತುಂಬುವ ಸಿಗಿಲ್ ಕಲ್ಲುಗಳೂ ಹಾಗೆಯೇ; ಮೂಲ ಆಟದಲ್ಲಿ ಅವುಗಳ ಅತ್ಯುತ್ತಮ ದರ್ಜೆ ಸಿಗುತ್ತಿದ್ದುದು 17ನೇ ಲೆವೆಲ್‌ನಿಂದ. ಡೇಡ್ರಾ ಅಧಿಪತಿಗಳ ಗುಡಿಗಳಲ್ಲೂ ಅಜೂರಾಳದು 2ನೇ ಲೆವೆಲ್‌ಗೇ ತೆರೆದರೆ ಕ್ಲಾವಿಕಸ್ ವೈಲ್‌ನದಕ್ಕೆ 20 ಬೇಕು. ಆದ್ದರಿಂದ ಒಂದೇ ವಿದ್ಯೆಯ ಪಾತ್ರ ಕಟ್ಟುವವರು ತಮ್ಮ ವಿದ್ಯೆಗೆ ನಿಜವಾಗಿ ಬೇಕಾದ ವಸ್ತುಗಳು ಯಾವುವು ಎಂದು ಮೊದಲೇ ಗೊತ್ತುಮಾಡಿಕೊಂಡು, ಆ ಕ್ವೆಸ್ಟ್‌ಗಳನ್ನಷ್ಟೇ ಮುಂದಕ್ಕೆ ಹಾಕಿ, ಕ್ವಾಚ್‌ನಂಥ ಕಾಳಗಗಳನ್ನು ಆರಂಭದಲ್ಲೇ ಮುಗಿಸುವುದು ಒಳ್ಳೆಯದು. ಮಾಯಾವಿಗೆ ಚಿಲ್‌ರೆಂಡ್‌ನಿಂದ ಆಗಬೇಕಾದದ್ದು ಏನೂ ಇಲ್ಲ. ಕತ್ತಿಯನ್ನೇ ನೆಚ್ಚಿದವರು ವ್ಯಾಲಸ್ ಓಡೀಲ್‌ನನ್ನು ಮಾತಾಡಿಸುವ ಮುನ್ನ ಇನ್ನಷ್ಟು ರಾತ್ರಿಗಳನ್ನು ಮಲಗಿ ಕಳೆಯಲಿ.